‘ಮಾಮನ ಒಟ್ಟಿಗೆ ಇದ್ದಾನೆ’ ಎಂದರೆ ಸಂಬಳ ಎಷ್ಟು?

ಮದುವೆ ಸಂಬಂಧದ ಮಾತು ಬಂದಾಗ ಹೆಣ್ಣಿನ ಕಡೆಯವರು ಮೊದಲು ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಹುಡುಗನ ಸಂಬಳವೂ ಒಂದು. ಹುಡುಗ ಸೌದಿಯಲ್ಲಿದ್ದರೆ ರಿಯಾಲ್ ಲೆಕ್ಕ ಹೇಳುತ್ತೇವೆ, ದುಬೈಯಲ್ಲಿದ್ದರೆ ದಿರ್ಹಮ್ ಲೆಕ್ಕ. ಶಾಲೆಯಲ್ಲಿ ಮಾಸ್ಟ್ರಾಗಿದ್ದರೆ ಅದಕ್ಕೂ ಉತ್ತರ ಉಂಟು. ಆದರೆ ಹುಡುಗ ಊರಲ್ಲೇ ಸಂಬಂಧಿಕರ ಲಾರಿ ಆಫೀಸಿನಲ್ಲೋ ಹೋಲ್‌ಸೇಲ್ ಅಂಗಡಿಯ ಗೋಡೌನಿನಲ್ಲೋ ಇದ್ದರೆ? "ಮಾಮನ ಒಟ್ಟಿಗೆ ಇದ್ದಾನೆ, ಎಲ್ಲ ಅವನೇ ನೋಡಿಕೊಳ್ಳುವುದು" ಎಂದು ಹೇಳಿ ಮಾತು ಬದಲಿಸುತ್ತೇವೆ. ಸಂಬಳ ಎಷ್ಟೆಂದು ಅವನ ಉಮ್ಮನಿಗೂ ಗೊತ್ತಿರುವುದಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಗೊತ್ತಿರುವುದಿಲ್ಲ.

ಈ "ಎಲ್ಲ ನೋಡಿಕೊಳ್ಳುವ" ಕೆಲಸಕ್ಕೆ ಕಂಪೆನಿಗಳಲ್ಲಿ ಒಂದು ಹೆಸರುಂಟು: ಟ್ರಾನ್ಸ್‌ಪೋರ್ಟ್ ಮ್ಯಾನೇಜರ್, ಇಲ್ಲವೇ ಡಿಸ್ಟ್ರಿಬ್ಯೂಷನ್ ಮ್ಯಾನೇಜರ್. ಯಾವ ಲಾರಿ ಯಾವ ಲೋಡಿಗೆ, ಯಾವ ಚಾಲಕ ಯಾವ ದಾರಿಗೆ, ಬರುವಾಗ ಖಾಲಿ ಬರಬಾರದಲ್ಲ, ರಿಟರ್ನ್ ಲೋಡ್ ಎಲ್ಲಿಂದ, ಗೋಡೌನಿನಲ್ಲಿ ಎಷ್ಟು ಸ್ಟಾಕ್, ಯಾವ ಅಂಗಡಿಗೆ ಎಷ್ಟು ಗಂಟೆಗೆ ಮುಟ್ಟಬೇಕು ಎಂದು ತೀರ್ಮಾನಿಸುವವ ಅವನು. ಈ ಕುರ್ಚಿಗೆ ಒಳ್ಳೆಯ ಸಂಬಳ ಉಂಟು. ನಮ್ಮ ಹುಡುಗರು ಈ ಕೆಲಸವನ್ನು ಹತ್ತು ವರ್ಷ ಮಾಡಿರುತ್ತಾರೆ. ಆದರೆ ಕುರ್ಚಿಯಲ್ಲಿ ಕೂತಿರುವವರು ಬೇರೆಯವರು. ಯಾಕೆ ಹೀಗೆ ಎಂದು ನಾವು ಮನೆಮನೆಯಲ್ಲಿ ಕೇಳಿಕೊಳ್ಳಬೇಕಾದ ಹೊತ್ತು ಬಂದಿದೆ.

ಸರಕು ಸಾಗಿಸುವುದು ನಮಗೆ ಹೊಸತಲ್ಲ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಹಿರಿಯರು ಹೇಳುತ್ತಾರೆ. ಮಂಗಳೂರಿನ ಬಂದರಿನ ಗಲ್ಲಿಗಳಲ್ಲಿ, ಧಕ್ಕೆಯ ಮೀನಿನ ಲಾರಿಗಳಲ್ಲಿ, ಶಿರಾಡಿ ಹತ್ತಿ ಇಳಿಯುವ ಅಕ್ಕಿ, ಅಡಿಕೆ, ಮರದ ಲೋಡುಗಳಲ್ಲಿ ನಮ್ಮವರ ಬೆವರಿದೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ತೆರೆದ ಮೇಲೆ ಈ ಕೆಲಸ ಇನ್ನೂ ಬೆಳೆಯಿತು. ಕೆಲಸ ಬೆಳೆದ ಹಾಗೆ ಅದರ ರೀತಿಯೂ ಬದಲಾಯಿತು. ನಾವು ಮಾತ್ರ ಹಳೆಯ ಲೆಕ್ಕದಲ್ಲೇ ಉಳಿದೆವು.

ಹಾಗಾದರೆ ಈ ಕೆಲಸದ ಸಂಬಳ ನಿಲ್ಲುವುದು ಯಾವುದರ ಮೇಲೆ?

ಮೊದಲನೆಯದು ಜವಾಬ್ದಾರಿಯ ಗಾತ್ರ. ಐದು ಲಾರಿ ನೋಡಿಕೊಳ್ಳುವವನಿಗೂ ಐವತ್ತು ಲಾರಿ, ಎರಡು ಗೋಡೌನು, ನೂರು ಜನರನ್ನು ನೋಡಿಕೊಳ್ಳುವವನಿಗೂ ಒಂದೇ ಸಂಬಳ ಸಿಗುವುದಿಲ್ಲ. ಎರಡನೆಯದು ಸರಕು. ಸಿಮೆಂಟ್ ಒಂದು ದಿನ ತಡವಾದರೆ ಬೈಗುಳ ತಿಂದರೆ ಮುಗಿಯಿತು. ಮೀನು, ಐಸ್‌ಕ್ರೀಂ, ಔಷಧ ತಡವಾದರೆ ಮಾಲೇ ಹೋಯಿತು. ಗ್ಯಾಸ್, ಪೆಟ್ರೋಲ್, ರಾಸಾಯನಿಕದ ಟ್ಯಾಂಕರಿನಲ್ಲಿ ತಪ್ಪಾದರೆ ಜೀವವೇ ಹೋದೀತು. ನಷ್ಟದ ಭಯ ಹೆಚ್ಚಿದ್ದಲ್ಲಿ, ಅದನ್ನು ತಡೆಯಲು ಗೊತ್ತಿದ್ದವನ ಬೆಲೆಯೂ ಹೆಚ್ಚು.

ಮೂರನೆಯದು ಕಾನೂನು ಮತ್ತು ಕಾಗದಪತ್ರ. 2017ರಲ್ಲಿ ಜಿಎಸ್‌ಟಿ ಬಂತು, 2018ರಲ್ಲಿ ಇ-ವೇ ಬಿಲ್ ಬಂತು. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಸರಕು ರಾಜ್ಯದಿಂದ ರಾಜ್ಯಕ್ಕೆ ಹೋಗಬೇಕಾದರೆ ಈ ಬಿಲ್ ಬೇಕು. ಸಾಧಾರಣ ಲಾರಿಗೆ 200 ಕಿಲೋಮೀಟರಿಗೆ ಒಂದು ದಿನ ಎಂದು ಅದರ ಅವಧಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಲಾರಿ ಸಿಕ್ಕಿಬಿದ್ದರೆ ಬಿಲ್ಲಿನ ಅವಧಿ ಮುಗಿಯುತ್ತದೆ. ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಕಂಪ್ಯೂಟರಿನಲ್ಲಿ ಅದನ್ನು ಮುಂದುವರಿಸಬಹುದು. ಗೊತ್ತಿದ್ದವ ರಾತ್ರಿಯೇ ಆ ಕೆಲಸ ಮುಗಿಸಿ ಮಲಗುತ್ತಾನೆ. ಗೊತ್ತಿಲ್ಲದವನ ಲಾರಿ ಮರುದಿನ ತಪಾಸಣೆಯಲ್ಲಿ ನಿಲ್ಲುತ್ತದೆ, ತೆರಿಗೆಯ ಎರಡು ಪಟ್ಟು ದಂಡದ ಮಾತು ಬರುತ್ತದೆ.

ನಾಲ್ಕನೆಯದು ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. 20 ಲಾರಿಗಳು ತಿಂಗಳಿಗೆ ತಲಾ 6,000 ಕಿಲೋಮೀಟರ್ ಓಡುತ್ತವೆ, ಲೀಟರಿಗೆ 4 ಕಿಲೋಮೀಟರ್ ಕೊಡುತ್ತವೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 30,000 ಲೀಟರ್ ಡೀಸೆಲ್ ಬೇಕು. ಟಯರಿನ ಗಾಳಿ, ಸರಿಯಾದ ಸರ್ವಿಸ್, ಚಾಲಕನ ಅಭ್ಯಾಸ, ದಾರಿಯ ಆಯ್ಕೆ, ಇಷ್ಟನ್ನು ನೋಡಿಕೊಂಡು ಆ 4ನ್ನು 4.2 ಮಾಡಿದರೆ ತಿಂಗಳಿಗೆ ಸುಮಾರು 1,430 ಲೀಟರ್ ಉಳಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಒಂದೂಕಾಲು ಲಕ್ಷಕ್ಕಿಂತ ಹೆಚ್ಚು. ಇಷ್ಟು ಉಳಿಸಿದವ ಅದನ್ನು ಕಾಗದದಲ್ಲಿ ತೋರಿಸಿದರೆ ಸಂಬಳ ಹೆಚ್ಚಿಸಿ ಎಂದು ಧೈರ್ಯದಿಂದ ಕೇಳಬಹುದು. ನಮ್ಮ ಹುಡುಗರೂ ಹೀಗೆ ಉಳಿಸಿದವರೇ. ಆದರೆ ಬರೆದಿಟ್ಟಿಲ್ಲ. ಬರೆದಿಡದ ಉಳಿತಾಯವನ್ನು ಹೊಸ ಧಣಿ ಯಾಕೆ ನಂಬಬೇಕು?

ಐದನೆಯದು ದೊಡ್ಡದು: ರುಜುವಾತು. ಹತ್ತು ವರ್ಷ ಮಾಮನ ಆಫೀಸಿನಲ್ಲಿ ದುಡಿದವನ ಕೈಯಲ್ಲಿ ನೇಮಕಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ, ಬ್ಯಾಂಕಿಗೆ ತಿಂಗಳು ತಿಂಗಳು ಬಂದ ಹಣದ ದಾಖಲೆ ಇಲ್ಲ, ಅನುಭವದ ಪತ್ರ ಇಲ್ಲ. ಬೇಕಾದಾಗ ಗಲ್ಲಾಪೆಟ್ಟಿಗೆಯಿಂದ ಖರ್ಚಿಗೆ ತೆಗೆದುಕೊಂಡದ್ದೇ ಸಂಬಳ. 30 ದಾಟಿ, ಮದುವೆಯಾಗಿ, ಮಕ್ಕಳಾದ ಮೇಲೆ ಅವನು ಬೇರೆ ಕೆಲಸ ಹುಡುಕಿದರೆ ಕಂಪೆನಿಯವರು ಕೇಳುವುದು ಒಂದೇ: "ಹಿಂದಿನ ಸಂಬಳ ಎಷ್ಟಿತ್ತು? ಸ್ಲಿಪ್ ಇದೆಯಾ?" ಇಲ್ಲ ಎಂದರೆ ಅವನು ಹೊಸಬ. ನಿನ್ನೆ ಡಿಗ್ರಿ ಮುಗಿಸಿ ಬಂದವನ ಕೆಳಗೆ ಕೆಲಸ ಮಾಡಬೇಕು.

ಗಲ್ಫಿಗೆ ಹೋದರೂ ಈ ಕೊರತೆ ಬೆನ್ನು ಬಿಡುವುದಿಲ್ಲ. ಊರಿನಲ್ಲಿ ಇಪ್ಪತ್ತು ಲಾರಿ ಓಡಿಸಿದವ ಅಲ್ಲಿ ಸಿಕ್ಕಿದ ವೀಸಾದಲ್ಲಿ ಹೋಗಿ ಗೋಡೌನಿನ ಸಹಾಯಕನಾಗುತ್ತಾನೆ. ವೀಸಾದಲ್ಲಿ ಬರೆದ ಹುದ್ದೆಯನ್ನು ಮತ್ತೆ ಬದಲಿಸುವುದು ಸುಲಭವಲ್ಲ. ಇನ್ನೊಂದು ವಿಷಯ ನಮ್ಮ ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ; ಮೊದಲ ಐದು ವರ್ಷ, ವರ್ಷಕ್ಕೆ 21 ದಿನದಂತೆ. ಇಬ್ಬರಿಗೂ ಒಟ್ಟು ಸಂಬಳ 6,000 ದಿರ್ಹಮ್ ಇದ್ದು, ಒಬ್ಬನ ಮೂಲ ವೇತನ 4,000, ಇನ್ನೊಬ್ಬನದ್ದು 2,400 ಆದರೆ, ಐದು ವರ್ಷಕ್ಕೆ ಮೊದಲನೆಯವನಿಗೆ 14,000 ದಿರ್ಹಮ್, ಎರಡನೆಯವನಿಗೆ 8,400. ಹಾಗಾಗಿ ಆಫರ್ ಲೆಟರ್ ಬಂದಾಗ "ಒಟ್ಟು ಎಷ್ಟು" ಎಂದು ಮಾತ್ರ ಕೇಳಿದರೆ ಸಾಲದು, "ಬೇಸಿಕ್ ಎಷ್ಟು" ಎಂದೂ ಕೇಳಬೇಕು.

ಮಾಮನ ಮಾತನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯ ಅಲ್ಲ. ಅವರು ಹೇಳುತ್ತಾರೆ: "ಅವನ ತಂಗಿಯ ಮದುವೆಗೆ ಯಾರು ನಿಂತದ್ದು? ಮನೆಯ ಮಾಡು ರಿಪೇರಿ ಯಾರು ಮಾಡಿಸಿದ್ದು? ಸಂಬಂಧದೊಳಗೆ ಸಂಬಳದ ಲೆಕ್ಕ ಎಂತದ್ದು?" ಈ ಮಾತಿನಲ್ಲಿ ಸುಳ್ಳಿಲ್ಲ. ನಮ್ಮಲ್ಲಿ ಎಷ್ಟೋ ಕುಟುಂಬಗಳು ನಿಂತದ್ದೇ ಇಂಥ ಮಾಮಂದಿರ ಹೆಗಲ ಮೇಲೆ. ಮೂರು ಲಾರಿಯ ಮಾಲಕನಿಗೆ ಬ್ಯಾಂಕಿನ ಕಂತು, ಟಯರು, ಇನ್ಶೂರೆನ್ಸ್, ಟೋಲ್ ಕಟ್ಟಿ ಉಳಿಯುವುದು ಎಷ್ಟೆಂದು ನಮಗೂ ಗೊತ್ತು. ಕಂಪೆನಿ ಕೊಡುವಷ್ಟೇ ನೀವೂ ಕೊಡಿ ಎಂದು ನಾವು ಹೇಳುತ್ತಿಲ್ಲ.

ಆದರೆ ಉಪಕಾರ ಬೇರೆ, ಹಕ್ಕು ಬೇರೆ. ತಂಗಿಯ ಮದುವೆಗೆ ಕೊಟ್ಟದ್ದು ಉಪಕಾರ, ಅದಕ್ಕೆ ಅಲ್ಲಾಹನಲ್ಲಿ ಪ್ರತಿಫಲ ಉಂಟು. ದುಡಿದದ್ದಕ್ಕೆ ಕೊಡಬೇಕಾದದ್ದು ಕೂಲಿ. ಎರಡನ್ನೂ ಒಂದೇ ಗಲ್ಲಾಪೆಟ್ಟಿಗೆಗೆ ಹಾಕಿ ಕಲಸಿದರೆ ಕೊಟ್ಟವನಿಗೆ ಬೇಸರ, ತೆಗೆದುಕೊಂಡವನಿಗೆ ಮುಜುಗರ. ಮುಂದೆ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಮತ್ತು ಅಳಿಯನ ನಡುವೆ ಜಗಳವಾಗಿ ಜಮಾಅತ್ ಕಮಿಟಿಯ ಮುಂದೆ ಬಂದು ನಿಲ್ಲುವುದೂ ಇದರಿಂದಲೇ. ಕೂಲಿಯಾಳಿನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದನ್ನು ನಾವು ಚಿಕ್ಕಂದಿನಲ್ಲಿ ಮದ್ರಸದಲ್ಲೇ ಕೇಳಿದ್ದೇವೆ. ಅವಧಿ ಇಟ್ಟ ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂದು ಹೇಳುವ ಸೂರಾ ಅಲ್‌ಬಕರದ 282ನೇ ಆಯತ್ ಕುರ್‌ಆನಿನಲ್ಲೇ ಅತಿ ಉದ್ದದ ಆಯತ್. ಬರೆದಿಡುವುದು ಅಪನಂಬಿಕೆಯ ಲಕ್ಷಣವಲ್ಲ, ಸಂಬಂಧ ಉಳಿಸಿಕೊಳ್ಳುವ ದಾರಿ.

ಮಾಲಕರಾಗಿರುವ ನಮ್ಮವರಲ್ಲಿ ನಾವು ಕೇಳುವುದು ಇಷ್ಟೆ. ಸಂಬಳ ಸಣ್ಣದಾದರೂ ಒಂದು ಮೊತ್ತ ನಿಶ್ಚಯಿಸಿ. ಅದನ್ನು ಬ್ಯಾಂಕ್ ಖಾತೆಗೆ ಹಾಕಿ. 20 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಪಿಎಫ್ ಕಟ್ಟುವುದು ಕಾನೂನು, ಅದನ್ನು ತಪ್ಪಿಸಬೇಡಿ. ಹುಡುಗ ಬೇರೆ ಕಡೆ ಹೊರಟರೆ ಮುಖ ಸಿಂಡರಿಸದೆ ಅನುಭವದ ಪತ್ರ ಕೊಡಿ: ಎಷ್ಟು ವರ್ಷ, ಎಷ್ಟು ಲಾರಿ, ಯಾವ ಸರಕು, ಯಾವ ಜವಾಬ್ದಾರಿ. ಈ ಕಾಗದಕ್ಕೆ ಖರ್ಚು ಏನೂ ಇಲ್ಲ. ಆದರೆ ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಹೆಚ್ಚು ಬರೆದರೆ ಅದೂ ಸುಳ್ಳು ಸಾಕ್ಷಿಯೇ.

ಹುಡುಗರಿಗೂ ಎರಡು ಮಾತು ಉಂಟು. ಪಿಯುಸಿ ಫೇಲಾಯಿತು, ಡಿಗ್ರಿ ಅರ್ಧಕ್ಕೆ ಬಿಟ್ಟೆ ಎಂದು ಕೂರಬೇಡಿ, ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಮುಗಿಸಬಹುದು. ಎಕ್ಸೆಲ್ ಚೆನ್ನಾಗಿ ಕಲಿಯಿರಿ, ಗೋಡೌನಿನ ಸಾಫ್ಟ್‌ವೇರ್ ಕಲಿಯಲು ಅವಕಾಶ ಸಿಕ್ಕರೆ ಬಿಡಬೇಡಿ. ದಿನದ ಡೀಸೆಲ್, ಕಿಲೋಮೀಟರ್, ತಡವಾದ ಲೋಡು, ಹಾಳಾದ ಮಾಲು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ರಾತ್ರಿ ಎರಡು ಗಂಟೆಗೆ ಚಾಲಕನ ಫೋನ್ ಎತ್ತುವ ನಿಮ್ಮ ಗುಣಕ್ಕೆ ಈ ಕೆಲಸದಲ್ಲಿ ಬೆಲೆ ಉಂಟು. ಆದರೆ ಅದೊಂದೇ ಸಾಕಾಗುವ ಕಾಲ ಹೋಯಿತು.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಲೇಬೇಕು. ಬಿಕಾಂ, ಎಂಕಾಂ ಮುಗಿಸಿದ ಹುಡುಗಿಯರು ಈಗ ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಬಿಲ್, ದಾಖಲೆ, ಕಸ್ಟಮ್ಸ್ ಕಾಗದ, ಲಾರಿಗಳ ವೇಳಾಪಟ್ಟಿ, ಇವೆಲ್ಲ ಮೇಜಿನ ಮುಂದೆ ಕೂತು ಮಾಡುವ ಕೆಲಸ. ಲಾರಿ ಎಂದ ಕೂಡಲೇ ಗಂಡಸರ ಕೆಲಸ ಎಂದು ಬಾಗಿಲು ಹಾಕುವುದು ಬೇಡ. ಆದರೆ ಅವರಿಗೂ ಸಂಬಳ ಕೊಟ್ಟೇ ಕೆಲಸ ಮಾಡಿಸಬೇಕು, ಮನೆಯವಳಲ್ವಾ ಎಂದು ಪುಕ್ಕಟೆಯಾಗಿ ಅಲ್ಲ.

ಮುಂದಿನ ಸಲ ಯಾರಾದರೂ ಸಂಬಂಧ ಕೇಳಿಕೊಂಡು ಬಂದು ಹುಡುಗನ ಸಂಬಳ ಎಷ್ಟೆಂದು ಕೇಳಿದಾಗ, "ಮಾಮನ ಆಫೀಸಿನಲ್ಲೇ ಕೆಲಸ, ತಿಂಗಳಿಗೆ ಇಷ್ಟು" ಎಂದು ಉಮ್ಮ ತಡವರಿಸದೆ ಹೇಳುವಂತಾಗಬೇಕು. ಮೊತ್ತ ಸಣ್ಣದಿರಬಹುದು, ಪರವಾಗಿಲ್ಲ. ಹೇಳಲು ಒಂದು ಮೊತ್ತ ಇದ್ದರೆ ನಾಳೆ ಅದನ್ನು ಹೆಚ್ಚಿಸಿ ಎಂದು ಕೇಳಬಹುದು.