ಅಂಗಡಿಯ ಗಲ್ಲಾ, ಮನೆಯ ಹುಂಡಿ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಅನೇಕ ಅಂಗಡಿಗಳ ಮುಂದಿದ್ದ ಕ್ಯೂಆರ್ ಕೋಡ್ ಫಲಕಗಳು ಏಕಾಏಕಿ ಮಾಯವಾದವು. ಆ ಜಾಗದಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ಮೂಲಕ ಜಮೆಯಾದ ಹಣವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದೇ ಇದಕ್ಕೆ ಕಾರಣ. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ವಹಿವಾಟಿನ ಮಿತಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಸರ್ಕಾರ ಹೇಳಿದ ಮೇಲೆ ವಿವಾದ ತಣ್ಣಗಾಯಿತು. ಆದರೆ ಅದರ ಮೂಲದಲ್ಲಿದ್ದ ಸಮಸ್ಯೆ ಹಾಗೆಯೇ ಉಳಿದಿದೆ.

ನಮ್ಮ ಬಡಾವಣೆಯ ಕಿರಾಣಿ ಅಂಗಡಿಯವರು ಆ ದಿನಗಳಲ್ಲಿ ಬ್ಯಾಂಕ್ ಪಾಸ್‌ಬುಕ್ ಹಿಡಿದು ನನ್ನ ಮನೆಗೆ ಬಂದರು. ಅವರಿಗೆ ನೋಟಿಸು ಬಂದಿರಲಿಲ್ಲ, ಭಯ ಬಂದಿತ್ತು. 'ಸಾರ್, ಇದರಲ್ಲಿ ಅಂಗಡಿಯದು ಎಷ್ಟು, ಮನೆಯದು ಎಷ್ಟು ಎಂದು ನನಗೇ ತಿಳಿಯುತ್ತಿಲ್ಲ' ಎಂದರು. ಅಕ್ಕಿ, ಬೇಳೆ ಮಾರಿದ ಹಣದ ಜೊತೆಗೆ ಚೀಟಿ ಎತ್ತಿದ ಹಣ, ಭಾವಮೈದುನ ಹಿಂದಿರುಗಿಸಿದ ಸಾಲ, ಮಗಳ ಕಾಲೇಜು ಶುಲ್ಕಕ್ಕೆಂದು ಊರಿನಿಂದ ಬಂದ ಹಣ ಎಲ್ಲವೂ ಒಂದೇ ಉಳಿತಾಯ ಖಾತೆಯಲ್ಲಿ ಬೆರೆತಿದ್ದವು. ಒಂದು ವರ್ಷದ ಲೆಕ್ಕವನ್ನು ಬೇರ್ಪಡಿಸಲು ನಮಗೆ ಮೂರು ಭಾನುವಾರಗಳು ಬೇಕಾದವು. ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೂ ಅದು ಸುಲಭದ ಕೆಲಸವಾಗಿರಲಿಲ್ಲ.

ಯುಪಿಐ ಸಣ್ಣ ವ್ಯಾಪಾರಿಗೆ ಬಂದ ಹಣವನ್ನು ದಾಖಲಿಸಿದೆ. ಆದರೆ ಸಗಟು ವ್ಯಾಪಾರಿಗೆ ಕೊಟ್ಟದ್ದು, ಫ್ರಿಜ್ ರಿಪೇರಿಗೆ ತೆತ್ತದ್ದು, ವಿದ್ಯುತ್ ಬಿಲ್ಲಿಗೆ ಕಟ್ಟಿದ್ದು ಬಹುಪಾಲು ನಗದಿನಲ್ಲೇ ಕರಗಿಹೋಗುತ್ತದೆ. ಹೀಗಾಗಿ ತೆರಿಗೆ ಅಧಿಕಾರಿಯ ಕಣ್ಣಿಗೆ ಜಮೆ ಮಾತ್ರ ಕಾಣುತ್ತದೆ, ಖರ್ಚು ಕಾಣುವುದಿಲ್ಲ. ವ್ಯಾಪಾರಕ್ಕೆಂದೇ ಮೀಸಲಾದ ಕ್ರೆಡಿಟ್ ಕಾರ್ಡ್ ನೆರವಾಗುವುದು ಇಲ್ಲಿಯೇ. ಖರೀದಿಗಳನ್ನು ಅದರಿಂದಲೇ ಮಾಡಿದರೆ ದಿನಾಂಕ, ಮೊತ್ತ, ಹಣ ಪಡೆದವರ ಹೆಸರು ಸಹಿತ ತಿಂಗಳ ಕಿರ್ದಿಯೊಂದು ತಾನಾಗಿ ಸಿದ್ಧವಾಗುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ಸಾಮಾನ್ಯವಾಗಿ ಅದನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಕಾರ್ಡಿನ ಪಾವತಿಗೆ ಈ ಅಡ್ಡಿಯಿಲ್ಲ.

ದಾಖಲೆಯಿರುವ ವ್ಯವಹಾರಕ್ಕೆ ಕಾನೂನು ಪ್ರೋತ್ಸಾಹವನ್ನೂ ನೀಡಿದೆ. ಅಂದಾಜು ಆದಾಯ ಪದ್ಧತಿಯಲ್ಲಿ ನಗದು ವಹಿವಾಟಿನ ಶೇ 8ರಷ್ಟನ್ನು ಲಾಭವೆಂದು ಪರಿಗಣಿಸಿದರೆ, ಬ್ಯಾಂಕ್ ಮೂಲಕ ಬಂದ ಹಣದಲ್ಲಿ ಶೇ 6ನ್ನು ಮಾತ್ರ ಪರಿಗಣಿಸಲಾಗುತ್ತದೆ. 30 ಲಕ್ಷ ರೂಪಾಯಿ ವಹಿವಾಟಿಗೆ ಇದು 2.40 ಲಕ್ಷ ಮತ್ತು 1.80 ಲಕ್ಷದ ನಡುವಿನ ಅಂತರ. ಈ ಪದ್ಧತಿಯಲ್ಲಿ ಖರ್ಚನ್ನು ಪ್ರತ್ಯೇಕವಾಗಿ ತೋರಿಸಬೇಕಾಗಿಲ್ಲ, ನಿಜ. ಆದರೆ ತನ್ನ ನಿಜವಾದ ಲಾಭವೆಷ್ಟು ಎಂದು ವ್ಯಾಪಾರಿಗೇ ತಿಳಿಯದಿದ್ದರೆ ಯಾವ ಪದ್ಧತಿ ತನಗೆ ಹಿತವೆಂದು ಆತ ಹೇಗೆ ನಿರ್ಧರಿಸಬೇಕು?

ಎಚ್ಚರಿಕೆಗಳೂ ಇವೆ. ಕಾರ್ಡಿನ ಸ್ಟೇಟ್‌ಮೆಂಟ್ ಬಿಲ್ಲಿಗೆ ಬದಲಿಯಲ್ಲ. ನೋಂದಾಯಿತ ವ್ಯಾಪಾರಿಗೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ಮರಳಿ ದಕ್ಕಬೇಕಾದರೆ ಆತನ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಕೈಯಲ್ಲಿರಲೇಬೇಕು. ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸದಿದ್ದರೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ಕ್ಕೂ ಮಿಗಿಲಾದ ಬಡ್ಡಿ ಬೀಳುತ್ತದೆ. ಆ ಬಡ್ಡಿಯ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ. ಕಿರಾಣಿ ವ್ಯಾಪಾರದ ಯಾವ ಲಾಭ ಇದನ್ನು ತಾಳಿಕೊಂಡೀತು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಕಾರ್ಡಿನ ಬೆನ್ನಿಗೆ ಬರೆದಿಟ್ಟುಕೊಳ್ಳುವುದು ಕ್ಷೇಮ.

ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ಕಿರು ಉದ್ಯಮಗಳಿಗೆ 5 ಲಕ್ಷ ರೂಪಾಯಿ ಮಿತಿಯ ಕ್ರೆಡಿಟ್ ಕಾರ್ಡ್ ನೀಡುವ ಯೋಜನೆಯನ್ನು 2025-26ರ ಕೇಂದ್ರ ಬಜೆಟ್ ಪ್ರಕಟಿಸಿತು. ಮೊದಲ ವರ್ಷ 10 ಲಕ್ಷ ಕಾರ್ಡುಗಳ ಗುರಿಯನ್ನೂ ಹೇಳಲಾಯಿತು. ಇದನ್ನು ಸಾಲದ ಯೋಜನೆಯೆಂದಷ್ಟೇ ನೋಡುವುದು ತಪ್ಪಾದೀತು. ಪ್ರತಿ ಕಾರ್ಡಿನೊಂದಿಗೆ ವ್ಯಾಪಾರಕ್ಕೆ ಪ್ರತ್ಯೇಕ ಚಾಲ್ತಿ ಖಾತೆಯನ್ನು ಬ್ಯಾಂಕುಗಳು ತೆರೆಸಬೇಕು. ತಿಂಗಳ ಲೆಕ್ಕವನ್ನು ಕನ್ನಡದಲ್ಲಿ ಕೊಡಬೇಕು. ತೆರಿಗೆ ಇಲಾಖೆಯೂ ಜಮೆಯಾದ ಹಣವನ್ನೆಲ್ಲ ವಹಿವಾಟೆಂದು ಭಾವಿಸುವ ಮುನ್ನ ವಿವರ ಕೇಳುವ ಸೌಜನ್ಯ ತೋರಬೇಕು. ತರಕಾರಿ ಮಾತ್ರ ಮಾರುವವನಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಆದರೆ ಆತ ಮಾರಿದ್ದು ತರಕಾರಿಯನ್ನೇ ಎಂದು ಪಾಸ್‌ಬುಕ್ ಹೇಳುವುದಿಲ್ಲ.

ತೆರಿಗೆ ಕಟ್ಟಲು ಸಣ್ಣ ವ್ಯಾಪಾರಿ ಹಿಂಜರಿಯುತ್ತಾನೆಂಬ ಆರೋಪವನ್ನು ನಾನು ಸೇವೆಯುದ್ದಕ್ಕೂ ಕೇಳಿದ್ದೇನೆ. ನಾನು ಕಂಡಂತೆ ಆತನನ್ನು ಹೆಚ್ಚು ಕಾಡುವುದು ತೆರಿಗೆಯಲ್ಲ, ಲೆಕ್ಕ. ಆ ಮೂರನೆಯ ಭಾನುವಾರ ಒಟ್ಟು ಮೊತ್ತ ನೋಡಿದ ಅಂಗಡಿಯವರು, 'ಇಷ್ಟೇನಾ ಸಾರ್!' ಎಂದು ನಿಟ್ಟುಸಿರು ಬಿಟ್ಟರು. ಅವರ ವಹಿವಾಟು ಮಿತಿಯೊಳಗೇ ಇತ್ತು. ಮರುದಿನ ಬೆಳಿಗ್ಗೆ ಹಾಲಿಗೆಂದು ಹೋದಾಗ ಕ್ಯೂಆರ್ ಫಲಕ ಮತ್ತೆ ತನ್ನ ಜಾಗಕ್ಕೆ ಬಂದಿತ್ತು.