ಕಾವಲುನಾಯಿಯ ಹುಣ್ಣೂ ಊರಿನ ಹೊಣೆಯೂ

ಮಳೆ ಹಿಡಿದು ಬಿಟ್ಟು ಬಿಸಿಲು ಕಾಯುವ ದಿನಗಳಲ್ಲಿ ಗ್ರಾಮಸಂಚಾರ ಮಾಡುವವರಿಗೆ ಒಂದು ದೃಶ್ಯವು ತಪ್ಪದೆ ಕಣ್ಣಿಗೆ ಬೀಳುವುದು. ಅಂಗಳದ ಮೂಲೆಯಲ್ಲಿ ಮನೆಯ ನಾಯಿಯು ತಲೆಯನ್ನು ಓರೆಮಾಡಿ ಕೊಡವುತ್ತ ಮಲಗಿರುವುದು. ಕಿವಿಯ ಬುಡದಲ್ಲಿ ಹುಣ್ಣು, ಹುಣ್ಣಿನೊಳಗೆ ಹುಳು. ವಿಚಾರಿಸಿದರೆ, "ನಾಯಿಯ ಪಾಡು, ಅದಕ್ಕೇನು ಮಾಡುವುದು?" ಎಂಬ ಉತ್ತರವು ಬರುವುದು. ಈ ಉತ್ತರವನ್ನು ನಾನು ಒಪ್ಪಲಾರೆನು. ನಾಯಿಬೆಕ್ಕುಗಳ ಹುಣ್ಣಿಗೆ ಬಿದ್ದ ಹುಳುವು ಕೊಟ್ಟಿಗೆಗೂ ಸಂಬಂಧಪಟ್ಟದ್ದು, ಊರಿಗೂ ಸಂಬಂಧಪಟ್ಟದ್ದು ಎಂಬುದೇ ನನ್ನ ಅಭಿಪ್ರಾಯ.

ನಾನು ಪಶುವೈದ್ಯನಲ್ಲ, ಬೆಳೆಯ ಕೀಟಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಆದರೆ ಇದೂ ಒಂದು ಕೀಟದ ವೃತ್ತಾಂತವೇ ಆಗಿರುವುದು. ಹೇಲುಮೂತ್ರಗಳಿಂದ ತೊಯ್ದು ಗಂಟುಕಟ್ಟಿದ ಕೂದಲಿನಲ್ಲಿ ಮೊಟ್ಟೆಯಿಡುವ ಹಸುರು ನೊಣಗಳು ಬೇರೆ ಇವೆ. ಆದರೆ ನಮ್ಮ ದೇಶದಲ್ಲಿ ಹುಣ್ಣಿನ ಹುಳುವಿಗೆ ಮುಖ್ಯ ಕಾರಣವಾದ ನೊಣವು ಕ್ರೈಸೊಮಿಯ ಬೆಜ್ಜಿಯಾನ ಎಂಬುದು. ಇದು ನೀಲಿ ಬೆರೆತ ಹಸುರು ಹೊಳಪುಳ್ಳದ್ದು. ಹೆಣ್ಣು ನೊಣವು ಗಾಯದ ಅಂಚಿನಲ್ಲಿ ಒಮ್ಮೆಗೆ ನೂರಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನಿಡುವುದು. ಒಂದು ದಿನದೊಳಗೆ ಅವು ಒಡೆದು ಮರಿಹುಳುಗಳು ಮಾಂಸದೊಳಕ್ಕೆ ತಲೆಕೆಳಗಾಗಿ ಕೊರೆದು ಹೋಗುವುವು; ಉಸಿರಾಡುವ ಹಿಂಭಾಗವನ್ನು ಮಾತ್ರ ಮೇಲಕ್ಕೆ ಚಾಚಿಕೊಂಡಿರುವುವು. ಐದಾರು ದಿನ ತಿಂದು ಬಲಿತು ನೆಲಕ್ಕುದುರಿ, ಸಡಿಲ ಮಣ್ಣಿನೊಳಗೆ ಕೋಶವಾಗಿ, ಹವೆ ಬೆಚ್ಚಗಿದ್ದರೆ ಸುಮಾರು ಒಂದು ವಾರದಲ್ಲಿಯೇ ನೊಣವಾಗಿ ಹೊರಬೀಳುವುವು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ಈ ನೊಣದ ಮರಿಯು ತಿಪ್ಪೆಯಲ್ಲಿ ಬೆಳೆಯುವುದಿಲ್ಲ. ಸತ್ತ ಪ್ರಾಣಿಯಲ್ಲಿಯೂ ಬೆಳೆಯುವುದಿಲ್ಲ. ಜೀವವಿರುವ ಮಾಂಸವೇ ಅದಕ್ಕೆ ಆಹಾರ. ಗಾಯವೇ ಅದಕ್ಕೆ ತೊಟ್ಟಿಲು. ಆ ಗಾಯವು ನಾಯಿಯ ಕಿವಿಯೋ, ಕಚ್ಚಾಡಿದ ಬೆಕ್ಕಿನ ಕೀವುಗಟ್ಟಿದ ಬೆನ್ನೋ, ಎಳಗರುವಿನ ಹೊಕ್ಕುಳೋ, ನೊಗ ತಿಂದ ಎತ್ತಿನ ಹೆಗಲೋ, ಹಾಸಿಗೆ ಹಿಡಿದ ಮುದುಕರ ಕಾಲುಹುಣ್ಣೋ ಎಂಬ ಭೇದವು ನೊಣಕ್ಕಿಲ್ಲ. ಆದುದರಿಂದ ನಾಯಿಯ ಹುಣ್ಣನ್ನು ಉಪೇಕ್ಷಿಸಿದವರು ತಮ್ಮ ಕರುವಿಗೆ ಬರಲಿರುವ ನೊಣವನ್ನು ತಮ್ಮ ಅಂಗಳದಲ್ಲಿಯೇ ಸಾಕಿದಂತಾಗುವುದು.

ಎರಡನೆಯ ಮಾತನ್ನು ಹೇಳುವುದಕ್ಕೆ ನನಗೆ ನಾಚಿಕೆಯಾಗುವುದು, ಆದರೂ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿಡುವಳಿದಾರರ ಭತ್ತದ ಗದ್ದೆಯನ್ನು ನೋಡಲು ಹೋಗಿದ್ದೆನು. ಅವರ ಕಾವಲುನಾಯಿಯ ಬಾಲದ ಬುಡದಲ್ಲಿ ಹುಳು ಬಿದ್ದಿದ್ದವು. ಮನೆಯ ಆಳು ಗದ್ದೆಗೆ ಸಿಂಪಡಿಸಿ ಉಳಿದಿದ್ದ ಕೀಟನಾಶಕವನ್ನು ತಂದು ಹುಣ್ಣಿಗೆ ಸುರಿದನು. ಅದು ನನ್ನ ಇಲಾಖೆಯ ವಿಷಯವಲ್ಲವೆಂದು ನಾನು ಸುಮ್ಮನಿದ್ದೆನು. ನಾಯಿಯು ಹುಣ್ಣನ್ನು ನೆಕ್ಕಿಕೊಂಡಿತು; ಜೊಲ್ಲು ಸುರಿಸಿ, ಮೈ ನಡುಗಿ, ಸಂಜೆಯೊಳಗಾಗಿ ಸತ್ತಿತು. ಆ ಕೀಟನಾಶಕವನ್ನು ಬಳಸಲು ಅವರಿಗೆ ಕಲಿಸಿದವನು ನಾನೇ. ಯಾವುದಕ್ಕೆ ಬಳಸಬಾರದೆಂಬುದನ್ನು ಮಾತ್ರ ಕಲಿಸಿರಲಿಲ್ಲ. ಬೆಳೆಗೆ ತಂದ ವಿಷವನ್ನು ಯಾವ ಪ್ರಾಣಿಯ ಮೈಗೂ ಹಾಕತಕ್ಕದ್ದಲ್ಲ. ಸೀಮೆಎಣ್ಣೆ, ಪೆಟ್ರೋಲು, ಸುಣ್ಣ ಇವುಗಳೂ ಮಾಂಸವನ್ನು ಸುಡುವುವೇ ಹೊರತು ಹುಣ್ಣನ್ನು ಮಾಯಿಸಲಾರವು. ಬೆಕ್ಕಿನ ವಿಷಯದಲ್ಲಂತೂ ಹೆಚ್ಚಿನ ಎಚ್ಚರಿಕೆ ಬೇಕು. ಫಿನೈಲು, ಟರ್ಪೆಂಟೈನ್ ಎಣ್ಣೆ, ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಔಷಧ ಇವು ಬೆಕ್ಕಿನ ಪ್ರಾಣಕ್ಕೇ ಅಪಾಯಕರವಾದವುಗಳು.

ಹಾಗಾದರೆ ಮಾಡತಕ್ಕದ್ದೇನು? ನಾಯಿಯ ಬಾಯನ್ನು ಮೆತ್ತನೆಯ ಬಟ್ಟೆಯಿಂದ ಕಟ್ಟಿ, ಕೈಚೀಲ ತೊಟ್ಟು, ಹುಣ್ಣಿನ ಸುತ್ತಲಿನ ಕೂದಲನ್ನು ಕತ್ತರಿಸಬೇಕು. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಕಾಣುವ ಹುಳುಗಳನ್ನು ಚಿಮ್ಮಟದಿಂದ ಒಂದೊಂದಾಗಿ ತೆಗೆಯಬೇಕು. ತೆಗೆದುದನ್ನು ನೆಲಕ್ಕೆ ಎಸೆಯದೆ ಕುದಿಯುವ ನೀರಿಗೆ ಹಾಕಬೇಕು. ನೆಲಕ್ಕೆ ಬಿದ್ದ ಬಲಿತ ಹುಳು ನಾಳೆಯ ನೊಣವಾಗುವುದು. ಆಳವಾದ ಹುಣ್ಣಿನಲ್ಲಿ ಅಡಗಿದ ಹುಳುಗಳು ಉಳಿದೇ ಇರುವುದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸುವುದು ಅವಶ್ಯಕ. ಹುಳುವನ್ನು ಕೊಲ್ಲುವ ಗುಳಿಗೆ ಮತ್ತು ಚುಚ್ಚುಮದ್ದುಗಳು ಈಗ ದೊರೆಯುವುವು. ಆದರೆ ಅವುಗಳ ಪ್ರಮಾಣವನ್ನು ವೈದ್ಯರೇ ನಿಶ್ಚಯಿಸಬೇಕು. ಗಾಯವು ಬೇರೆ ನಾಯಿ ಕಚ್ಚಿದ್ದರಿಂದ ಆದುದಾದರೆ ಹುಚ್ಚುನಾಯಿ ರೋಗದ ಶಂಕೆಯುಂಟು; ಅಂತಹ ನಾಯಿಯನ್ನು ಮನೆಯವರು ಮುಟ್ಟದೆ, ಮೊದಲು ವೈದ್ಯರಿಗೆ ತಿಳಿಸತಕ್ಕದ್ದು.

ಸಾಕಿದ ನಾಯಿಗೆ ಯಜಮಾನರುಂಟು, ಬೀದಿಯ ನಾಯಿಗೆ ಯಾರು ಹೊಣೆ ಎಂದು ಕೆಲವರು ಕೇಳಬಹುದು. ಇದಕ್ಕೆ ಹೊರದೇಶದ ಒಂದು ನಿದರ್ಶನವನ್ನು ಕೊಡುವೆನು. ಅಮೆರಿಕಾ ಖಂಡದಲ್ಲಿ ಇದೇ ಸ್ವಭಾವದ ಇನ್ನೊಂದು ನೊಣವಿರುವುದು. ಸಂತಾನಶಕ್ತಿಯನ್ನು ಕಳೆದ ನೊಣಗಳನ್ನು ಸಾಕಿ ಹಾರಿಬಿಟ್ಟು 1954ರಲ್ಲಿ ಕ್ಯೂರಸಾವ್ ದ್ವೀಪದಿಂದ ಅದನ್ನು ನಿರ್ಮೂಲ ಮಾಡಿದರು. ಒಂದು ಮನೆಯ ಗಾಯವು ನಾಡಿಗೆಲ್ಲ ಸಂಬಂಧಪಟ್ಟದ್ದೆಂದು ಅವರು ತಿಳಿದುದೇ ಇದಕ್ಕೆ ಕಾರಣ. ನಮ್ಮ ಹಳ್ಳಿಗಳಲ್ಲಿ ಅಂತಹ ಏರ್ಪಾಡಿಲ್ಲ. ನಮ್ಮ ಕಣ್ಣೂ ಕೈಯೂ ಇವೆ. ಊರಿಗೆ ಒಬ್ಬರಾದರೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೀದಿಯ ಪ್ರಾಣಿಗಳನ್ನು ಗಮನಿಸಿ, ಹುಣ್ಣು ಕಂಡೊಡನೆ ಪಂಚಾಯಿತಿಯ ಮೂಲಕ ಪಶುವೈದ್ಯರಿಗೆ ಸುದ್ದಿ ಮುಟ್ಟಿಸುವಂತೆ ಗ್ರಾಮದ ಮುಖಂಡರು ಗೊತ್ತುಮಾಡಬಹುದು. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ.

ರಾತ್ರಿಯೆಲ್ಲ ಎಚ್ಚರವಿದ್ದು ಕಣವನ್ನು ಕಾಯುವ ನಾಯಿ, ಕಣಜದ ಇಲಿಯನ್ನು ಹಿಡಿಯುವ ಬೆಕ್ಕು ಇವು ಸಂಬಳವಿಲ್ಲದ ಸೇವಕರು. ಅವುಗಳ ಹುಣ್ಣಿಗೆ ಅರ್ಧ ಗಳಿಗೆಯ ಆರೈಕೆಯನ್ನು ಕೊಡುವುದು ದಯೆಯೂ ಹೌದು, ಲಾಭವೂ ಹೌದು. ಮಹನೀಯರಾದ ವಾಚಕರು ಇಂದು ಸಂಜೆಯೇ ಒಮ್ಮೆ ತಮ್ಮ ನಾಯಿಯ ಕಿವಿಯ ಹಿಂದೆಯೂ ಬಾಲದ ಬುಡದಲ್ಲಿಯೂ ಕೈಯಾಡಿಸಿ ನೋಡಬೇಕೆಂದು ವಿಜ್ಞಾಪಿಸಿಕೊಳ್ಳುವೆನು.