ನೀರು ತೋರಿಸದ ನಕ್ಷೆಗೆ ಒಪ್ಪಿಗೆ ಬೇಡ

ಧಾರವಾಡ ಜಿಲ್ಲೆಯಲ್ಲಿ ಅಭಿವೃದ್ಧಿಯ ಮಾತು ಎದ್ದರೆ ಅದು ಹುಬ್ಬಳ್ಳಿ-ಧಾರವಾಡದ ನಡುವಿನ ರಸ್ತೆ ಬಿಟ್ಟು ಕದಲುವುದಿಲ್ಲ. ಬಿಆರ್‌ಟಿಎಸ್ ಬಸ್ಸಿಗೆ ಬೇರೆ ದಾರಿ ಇರಬೇಕೋ ಬೇಡವೋ, ಚನ್ನಮ್ಮ ವೃತ್ತದ ಮೇಲ್ಸೇತುವೆ ಎಂದು ಮುಗಿದೀತು, 2025ರ ಜನವರಿಯಲ್ಲಿ ಸಂಪುಟದ ಒಪ್ಪಿಗೆ ಪಡೆದ ಧಾರವಾಡದ ಪ್ರತ್ಯೇಕ ಪಾಲಿಕೆಗೆ ಯಾವ ವಾರ್ಡು ಸೇರಬೇಕು ಎಂಬ ಚರ್ಚೆಯಲ್ಲೇ ಪತ್ರಿಕೆಯ ಪುಟ ತುಂಬುತ್ತದೆ, ಸಭೆಯ ಹೊತ್ತು ಮುಗಿಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಇನ್ನು ಇಪ್ಪತ್ತು ವರ್ಷಕ್ಕೆ ಹೇಗಿರಬೇಕು ಎಂದು ಆ ಊರಿನವರನ್ನು ಕೂರಿಸಿಕೊಂಡು ಕೇಳುವವರಿಲ್ಲ. ಯಾರೂ ಕೇಳದಿದ್ದರೂ ಈ ಊರುಗಳು ಬೆಳೆಯುತ್ತಿವೆ. ಬೆಳೆಯುವ ದಿಕ್ಕನ್ನು ಹೊಲ ಕೊಂಡು ಪ್ಲಾಟು ಮಾಡಿ ಮಾರುವವರು ಗೊತ್ತು ಮಾಡುತ್ತಿದ್ದಾರೆ. ಪುರಸಭೆ, ಪಟ್ಟಣ ಪಂಚಾಯಿತಿಗಳು ಅವರ ಹಿಂದೆ ರಸ್ತೆ, ಕಂಬ, ಚರಂಡಿ ಹೊತ್ತುಕೊಂಡು ಓಡುತ್ತಿವೆ.

ನವಲಗುಂದದ ಕಡೆ ಊರಾಚೆ ಹೋಗಿ ನೋಡಿ. ಬೇಸಿಗೆಯಲ್ಲಿ ಎರಿ ಹೊಲ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಅದರ ಮೇಲೆ ಜೆಸಿಬಿ ಓಡಿಸಿ, ಒಂದು ಪದರ ಗರಸು ಹಾಸಿ, ಬಿಳಿ ಬಣ್ಣದ ಗಡಿಕಲ್ಲು ನೆಟ್ಟು, ಬಾಗಿಲಿಗೆ ಕಮಾನು ಕಟ್ಟಿದರೆ ಬಡಾವಣೆ ಸಿದ್ಧ. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬುತ್ತದೆ. ಗರಸು ಕೆಳಗಿಳಿದು ಎರಿ ಮೇಲೆ ಬರುತ್ತದೆ, ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ತೆಳ್ಳಗೆ ಕಾಂಕ್ರೀಟು ಸುರಿದ ಚರಂಡಿಯ ಗೋಡೆ ಒಂದೆರಡು ಮಳೆಗಾಲದಲ್ಲೇ ಸೀಳಿಕೊಳ್ಳುತ್ತದೆ. ಮೂಲೆಯಲ್ಲಿ ಕೊರೆಸಿದ ಬೋರಿನಲ್ಲಿ ಬರುವುದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಏಳುವುದಿಲ್ಲ. ಜೀವಮಾನದ ಉಳಿತಾಯ ಸುರಿದು ಅಲ್ಲಿ ಮನೆ ಕಟ್ಟಿದ ಮೇಷ್ಟ್ರೋ ಬಸ್ ಕಂಡಕ್ಟರೋ ಮೊದಲ ದಿನದಿಂದಲೇ ಟ್ಯಾಂಕರಿನವನ ಫೋನ್ ನಂಬರು ಬಾಯಿಪಾಠ ಮಾಡಿಕೊಳ್ಳಬೇಕು.

ಇದು ಹೊಸ ಸಂಗತಿಯೇನಲ್ಲ. ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ನೆಲದಡಿಯ ನೀರು ಕುಡಿಯಲು ಒಗ್ಗುವುದಿಲ್ಲ ಎಂಬುದು ಇಲ್ಲಿನ ಪ್ರತಿ ಮನೆಯ ಹೆಣ್ಣುಮಗಳಿಗೆ ಗೊತ್ತು. ಆದ್ದರಿಂದಲೇ ಇಲ್ಲಿ ಊರಿಗೊಂದು ಕೆರೆ, ಕೆರೆಗೊಂದು ಕಟ್ಟುಪಾಡು. ನವಲಗುಂದಕ್ಕೆ ನೀಲಮ್ಮನ ಕೆರೆಯೇ ಜೀವ. ಮಲಪ್ರಭೆಯ ಕಾಲುವೆಯಲ್ಲಿ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು, ಮುಂದಿನ ಸರದಿಯವರೆಗೆ ಅದನ್ನೇ ಕಾಯ್ದುಕೊಂಡು ಕುಡಿಯಬೇಕು. ಇಂಥ ಊರಿಗೆ ಮಹಾಯೋಜನೆ ಬರೆಯಲು ಕೂತವರು ಮೊದಲು ಲೆಕ್ಕ ಹಾಕಬೇಕಾದದ್ದು ಕೆರೆಯ ಹೊಟ್ಟೆಯಲ್ಲಿ ಎಷ್ಟು ಹಿಡಿಯುತ್ತದೆ, ಇನ್ನೊಂದು ಕೆರೆಗೆ ಜಾಗ ಎಲ್ಲಿದೆ ಎಂದು. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಎಂದು ಬಣ್ಣ ಬಳಿಯುವ ಕೆಲಸ ಆಮೇಲಿನದು. ನಮ್ಮಲ್ಲಿ ನಡೆಯುವುದು ಪೂರ್ತಿ ತಿರುವುಮುರುವು. ಹಳದಿ ಬಣ್ಣ ಮೊದಲು ಬೀಳುತ್ತದೆ, ಎಕರೆಯ ರೇಟು ಏರುತ್ತದೆ, ನೀರು ಎಲ್ಲಿಂದ ಎಂದು ಕೇಳಿದರೆ ಮಹದಾಯಿ ನದಿಯತ್ತ ಬೆರಳು ತೋರಿಸುತ್ತಾರೆ.

ಮಹದಾಯಿಯ ಕಥೆ ಈ ನೆಲದವರಿಗೆ ಹೇಳಬೇಕಾಗಿಲ್ಲ. 2015ರ ಜುಲೈನಿಂದ ನರಗುಂದ, ನವಲಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕೂತರು. 2016ರಲ್ಲಿ ಯಮನೂರಿನ ಮನೆಮನೆಗೆ ನುಗ್ಗಿ ಪೊಲೀಸರು ಲಾಠಿ ಬೀಸಿದ್ದನ್ನು ಇಡೀ ರಾಜ್ಯ ನೋಡಿತು. ಆ ನದಿಯ ನೀರನ್ನು ಮಲಪ್ರಭೆಗೆ ತರುವ ಕಳಸಾ-ಬಂಡೂರಿ ಯೋಜನೆಯಿಂದ ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟಿದ್ದು 3.9 ಟಿಎಂಸಿ. 2020ರಲ್ಲಿ ಅಧಿಸೂಚನೆಯಾಯಿತು, 2022ರ ಕೊನೆಗೆ ಕೇಂದ್ರ ಜಲ ಆಯೋಗದ ಒಪ್ಪಿಗೆಯೂ ಬಂತು. ಅರಣ್ಯ, ವನ್ಯಜೀವಿ ಅನುಮತಿಯ ಬಾಗಿಲಲ್ಲಿ ಕಡತ ನಿಂತಿತು. ಆ ನೀರು ನಮ್ಮ ಹಕ್ಕು, ಅದಕ್ಕಾಗಿ ಹೋರಾಟ ನಿಲ್ಲಬಾರದು. ಆದರೆ ಕಡತದಲ್ಲಿರುವ ನೀರನ್ನು ನಂಬಿಸಿ ಇವತ್ತು ಪ್ಲಾಟು ಮಾರುವುದು ಜನರಿಗೆ ಮಾಡುವ ಮೋಸ.

ಹೀಗೆ ಮುಂಗಡವಾಗಿ ವಸೂಲಿ ಮಾಡುವ ಚಾಳಿ ಈ ನೆಲದಲ್ಲಿ ಹಿಂದೊಮ್ಮೆ ರಕ್ತ ಹರಿಸಿದೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಹೊಲಕ್ಕೆ ನೀರು ಸರಿಯಾಗಿ ಮುಟ್ಟುವ ಮೊದಲೇ, ನಿಮ್ಮ ಭೂಮಿಯ ಬೆಲೆ ಹೆಚ್ಚಿದೆ, ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದು ಸರ್ಕಾರ ಬೆನ್ನುಹತ್ತಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿ ರೈತರು ಸತ್ತರು. ಆ ಕಿಡಿಯಿಂದಲೇ ಕರ್ನಾಟಕದ ರೈತ ಚಳವಳಿ ಹೊತ್ತಿಕೊಂಡಿತು. ವರ್ಷ ವರ್ಷ ಆ ದಿನ ವೀರಗಲ್ಲಿಗೆ ಮಾಲೆ ಹಾಕಲು ಎಲ್ಲ ಪಕ್ಷದ ನಾಯಕರೂ ಬರುತ್ತಾರೆ. ಇಂದು ಅದೇ ತಾಲ್ಲೂಕುಗಳಲ್ಲಿ ಪ್ಲಾಟು ಕೊಂಡವರ ತಲೆಯ ಮೇಲೆ ಪರಿವರ್ತನಾ ಶುಲ್ಕ, ಅಭಿವೃದ್ಧಿ ಶುಲ್ಕ ಎಲ್ಲವೂ ಬಂದು ಕೂರುತ್ತದೆ, ನಲ್ಲಿಯಲ್ಲಿ ಮಾತ್ರ ನೀರು ಬರುವುದಿಲ್ಲ. ಬಾರದ ನೀರಿಗೆ ದುಡ್ಡು ಕೇಳಬೇಡಿ ಎಂಬುದು 1980ರ ಬೇಡಿಕೆಯಾಗಿತ್ತು. ಅದನ್ನು ಈಗ ಪಟ್ಟಣದವರೂ ಎತ್ತಬೇಕಾಗಿದೆ.

ಹುಬ್ಬಳ್ಳಿಯ ಜೊತೆ ನಮ್ಮ ಲೇವಾದೇವಿಯನ್ನೂ ಒಮ್ಮೆ ನೇರವಾಗಿ ನೋಡಬೇಕು. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡಲು ಕಟ್ಟಿದ ನೀರಸಾಗರ ಇರುವುದು ಕಲಘಟಗಿ ತಾಲ್ಲೂಕಿನಲ್ಲಿ. ಅದು ಸಾಲದಾದಾಗ ಸವದತ್ತಿಯ ನವಿಲುತೀರ್ಥದಿಂದ, ಅಂದರೆ ನವಲಗುಂದದ ರೈತನೂ ಕಾಯುವ ಅದೇ ಮಲಪ್ರಭೆಯಿಂದ, ಅವಳಿ ನಗರಕ್ಕೆ ಪೈಪು ಬಂತು. ಕುಡಿದು ಬಳಸಿದ ಮೇಲೆ ಹುಬ್ಬಳ್ಳಿಯ ನಾಲೆ ತನ್ನ ಹೊಲಸನ್ನು ಬೆಣ್ಣಿಹಳ್ಳಕ್ಕೆ ತಂದು ಬಿಡುತ್ತದೆ. ಆ ಹಳ್ಳ ಕುಂದಗೋಳ, ನವಲಗುಂದದ ಎರಿ ಬಯಲಲ್ಲಿ ಹಾದು ಮಲಪ್ರಭೆಗೆ ಸೇರುತ್ತದೆ. ನೀರು ಕೊಟ್ಟ ಊರುಗಳಿಗೆ ಮರಳಿ ಸಿಕ್ಕಿದ್ದು ಇದು. ಜಿಲ್ಲೆಯ ಯಾವುದೇ ದೀರ್ಘಾವಧಿ ಯೋಜನೆ ನ್ಯಾಯವಾದದ್ದು ಎನಿಸಿಕೊಳ್ಳಬೇಕಾದರೆ ಹುಬ್ಬಳ್ಳಿಯ ಕೊಳಚೆಯನ್ನು ಹುಬ್ಬಳ್ಳಿಯಲ್ಲೇ ಪೂರ್ತಿ ಶುದ್ಧ ಮಾಡಿ ಹಳ್ಳಕ್ಕೆ ಬಿಡುವ ಕೆಲಸ ಮೊದಲ ಪುಟದಲ್ಲಿರಬೇಕು.

ಬೆಣ್ಣಿಹಳ್ಳದ ವಿಷಯ ಬಂದಾಗ ನೆರೆಯ ಮಾತನ್ನೂ ಆಡಲೇಬೇಕು. ಬೇಸಿಗೆಯಲ್ಲಿ ಹುಡುಗರು ಜಿಗಿದು ದಾಟುವ ಈ ಹಳ್ಳಕ್ಕೆ ಮಳೆ ಹಿಡಿದರೆ ದಂಡೆಯೇ ಇರುವುದಿಲ್ಲ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಅದೂ ತುಪ್ಪರಿಹಳ್ಳವೂ ಹೊಲ, ರಸ್ತೆ, ಮನೆ ಎನ್ನದೆ ಹಬ್ಬಿದವು. ಈ ಹಳ್ಳದ ನೆರೆ ತಡೆಯಲು ಪರಮಶಿವಯ್ಯನವರು ಕೊಟ್ಟ ವರದಿಯ ಹೆಸರು ಪ್ರತಿ ನೆರೆಯ ನಂತರ ಕೇಳಿಬರುತ್ತದೆ, ಕೆಸರು ಒಣಗಿದಂತೆ ಮರೆತುಹೋಗುತ್ತದೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ದಂಡೆಯ ಊರಿನ ಯಾವ ಮುದುಕನನ್ನು ಕೇಳಿದರೂ ಗೋಡೆಯ ಮೇಲಿನ ಗುರುತು ತೋರಿಸುತ್ತಾನೆ. ಆ ಗುರುತುಗಳನ್ನು ಸರ್ವೆಯವರು ಅಳೆದು ನಕ್ಷೆಗೆ ಏರಿಸಲಿ. ಆ ಗೆರೆಯೊಳಗೆ ಹೊಲವನ್ನು ಬೇರೆ ಬಳಕೆಗೆ ಬದಲಿಸುವ ಎನ್‌ಎ ಕೊಡಬಾರದು, ಬಿನ್‌ಶೇತ್ಕಿ ಪ್ಲಾಟಿಗೆ ಸಹಿ ಬೀಳಬಾರದು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಒಂದು ಬೇಸಿಗೆಯ ಕೆಲಸ ಸಾಕು.

ಈ ಮಾತಿಗೆ ಬರುವ ಎದುರು ವಾದ ನನಗೆ ಗೊತ್ತು. ಚಿಕ್ಕ ಊರಿಗೆ ದುಡ್ಡು ಬರುವುದೇ ಬಡಾವಣೆಯಿಂದ, ಅದಕ್ಕೂ ಅಡ್ಡಗಾಲು ಹಾಕಿದರೆ ಇರುವ ನಾಲ್ಕು ಜನವೂ ಹುಬ್ಬಳ್ಳಿಗೆ ಹೋಗುತ್ತಾರೆ ಎನ್ನುತ್ತಾರೆ. ಜನ ಊರು ಬಿಡುವುದು ಪ್ಲಾಟು ಸಿಗದೆ ಅಲ್ಲ. ಹೆರಿಗೆ ಕಷ್ಟವಾದರೆ ರಾತ್ರೋರಾತ್ರಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಓಡಬೇಕು, ಪಿಯುಸಿ ವಿಜ್ಞಾನಕ್ಕೆ ಮಗಳನ್ನು ಹಾಸ್ಟೆಲಿನಲ್ಲಿ ಇಡಬೇಕು, ಹೆಸರು ಕೊಯ್ದರೆ ನೆರಳಿರುವ ಒಣಗಿಸುವ ಕಟ್ಟೆ ಇಲ್ಲ, ಉಳ್ಳಾಗಡ್ಡಿ, ಮೆಣಸಿನಕಾಯಿ ಇಡಲು ಗೋದಾಮಿಲ್ಲ. ಬಿಡುವ ಕಾರಣ ಇವು. ಖಾಲಿ ಪ್ಲಾಟು ಊರಿಗೆ ಒಂದು ಕೆಲಸವನ್ನೂ ಕೊಡುವುದಿಲ್ಲ. ಅದರಲ್ಲಿ ಬೆಳೆಯುವುದು ಜಾಲಿ ಮಾತ್ರ, ಮತ್ತು ಅಲ್ಲಿಯವರೆಗೆ ಆ ನೆಲ ಕಡಲೆಯನ್ನೋ ಹತ್ತಿಯನ್ನೋ ಕೊಡುತ್ತಿತ್ತು.

ಕೆಲಸ ಕೊಡಬಲ್ಲವು ಈ ಊರುಗಳಲ್ಲೇ ಇವೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ನೇಯುವ ಹೆಣ್ಣುಮಕ್ಕಳು ಇನ್ನೂ ತಮ್ಮ ಮನೆಯ ಕತ್ತಲೆ ಮೂಲೆಯಲ್ಲೇ ಮಗ್ಗದ ಮುಂದೆ ಕೂತಿದ್ದಾರೆ, ಅವರ ಸಂಖ್ಯೆ ಕರಗುತ್ತಿದೆ. ಕಲಘಟಗಿಯ ಬಣ್ಣದ ತೊಟ್ಟಿಲು ಸಿನಿಮಾ ನಟರ ಮನೆ ಸೇರಿ ಸುದ್ದಿಯಾಗುತ್ತದೆ, ಮಾಡುವ ಮನೆಗಳು ಬೆರಳೆಣಿಕೆಗೆ ಇಳಿದಿವೆ. ಸವಾಯಿ ಗಂಧರ್ವರ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿದೆ. ಗಂಗೂಬಾಯಿ ಹಾನಗಲ್ ಪಾಠಕ್ಕೆ ಬರುತ್ತಿದ್ದುದೂ ರೈಲಿನಲ್ಲೇ. ಅಲ್ಲೊಂದು ಸಂಗೀತ ಶಾಲೆ ವರ್ಷಪೂರ್ತಿ ನಡೆಯುವಂತೆ ಮಾಡಲು ಆಗದ ಮಾತೇನಿಲ್ಲ. ಅಣ್ಣಿಗೇರಿ ಪಂಪನ ಹೆಸರು ಹೊತ್ತ ಊರು, ಅಮೃತೇಶ್ವರ ಗುಡಿಯ ಊರು. 2010ರಲ್ಲಿ ಅಲ್ಲಿ ಚರಂಡಿ ಅಗೆಯುವಾಗ ನೂರಾರು ಮನುಷ್ಯರ ತಲೆಬುರುಡೆ ಸಿಕ್ಕವು. ಅಗೆಯುವ ಮುಂಚೆ ನೆಲದೊಳಗೆ ಏನಿದೆ ಎಂದು ತಿಳಿದುಕೊಳ್ಳಬೇಕು ಎಂಬ ಪಾಠವನ್ನು ಅಷ್ಟಾದರೂ ಕಲಿಸಬೇಕಿತ್ತು. ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಅಣ್ಣಿಗೇರಿಯೂ ಸೇರಿತು. ತಾಲ್ಲೂಕು ಎಂಬ ಫಲಕದ ಹಿಂದೆ ತಾಲ್ಲೂಕಿಗೆ ಬೇಕಾದ ಎಲ್ಲ ಕಚೇರಿ, ಸಿಬ್ಬಂದಿ ಬರುವುದಕ್ಕೆ ಮಾತ್ರ ಜನ ಕಾಯುತ್ತಲೇ ಬಂದರು.

ಯೋಜನೆಯನ್ನು ಯಾರು ಮಾಡಬೇಕು ಎಂಬುದು ಕಾನೂನಿನಲ್ಲಿ ಬರೆದಿದೆ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪ್ರತಿ ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತರಿಂದಲೇ ಬರಬೇಕು ಎಂದು ಸಂವಿಧಾನ ಹೇಳಿತು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎನ್ನುತ್ತ ವರ್ಷಗಳೇ ಉರುಳಿದವು. 2018ರಲ್ಲಿ ಗೆದ್ದ ಪಟ್ಟಣ ಸದಸ್ಯರು ಅಧ್ಯಕ್ಷರ ಮೀಸಲಾತಿಯ ವ್ಯಾಜ್ಯದಿಂದ ಎರಡು ವರ್ಷ ಅಧಿಕಾರವಿಲ್ಲದೆ ಅಲೆದರು. ಇನ್ನು ವಾರ್ಡ್ ಸಮಿತಿ ಕಡ್ಡಾಯವಿರುವುದು ಮೂರು ಲಕ್ಷ ಜನಸಂಖ್ಯೆ ದಾಟಿದ ನಗರಕ್ಕೆ. ಹಳ್ಳಿಯವನಿಗೆ ಗ್ರಾಮಸಭೆ ಇದೆ, ಹುಬ್ಬಳ್ಳಿಯವನಿಗೆ ವಾರ್ಡ್ ಸಮಿತಿ ಇದೆ, ನಡುವಿನ ಕಲಘಟಗಿಯವನು ಎದ್ದು ನಿಂತು ಪ್ರಶ್ನೆ ಕೇಳುವ ಜಾಗವೇ ಕಾನೂನಿನಲ್ಲಿಲ್ಲ. ಇದನ್ನು ಸರ್ಕಾರ ತಿದ್ದಬೇಕು. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲೂ ವಾರ್ಡ್ ಸಭೆ ಕಡ್ಡಾಯವಾಗಬೇಕು.

ಸರ್ಕಾರ ಯೋಜನೆಯ ಬದಲು ನೆಚ್ಚಿಕೊಂಡದ್ದು ಸಕ್ರಮವನ್ನು. ಅಕ್ರಮ-ಸಕ್ರಮ ಯೋಜನೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕಿತು. 2025ರಲ್ಲಿ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ಗೊತ್ತಿಲ್ಲದೆ ಇಂಥ ಪ್ಲಾಟು ಕೊಂಡ ಬಡವನಿಗೆ ಕಾಗದ ಸಿಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದನ್ನು ಮಾರಿದವನಿಗೆ ದಂಡವಿಲ್ಲ, ಸಹಿ ಹಾಕಿದವನಿಗೆ ವಿಚಾರಣೆಯಿಲ್ಲ ಎಂದಾದರೆ ಪ್ರತಿ ಅಭಿಯಾನವೂ ಮುಂದಿನ ಅಕ್ರಮ ಬಡಾವಣೆಗೆ ಆಮಂತ್ರಣವಾಗುತ್ತದೆ. 2011ರ ಜನಗಣತಿಯ ಹಳೆಯ ಅಂಕಿಯ ಮೇಲೆ ಎಲ್ಲ ಲೆಕ್ಕ ನಡೆಯುತ್ತ ಬಂದಿರುವಾಗ, ಎಷ್ಟು ಜನಕ್ಕೆ ಎಷ್ಟು ಮನೆ ಬೇಕು ಎಂದು ಯಾರ ಬಳಿಯೂ ಉತ್ತರವಿಲ್ಲದೆ ಹೊಲಗಳು ಕೈಬದಲಾಗುತ್ತಿವೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ ಪ್ರಕಾರ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಜನರಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಇದೆ. ಆ 60 ದಿನ ಎಲ್ಲೋ ಒಂದು ನೋಟಿಸು ಬೋರ್ಡಿನ ಮೇಲೆ ಕಳೆದುಹೋಗಬಾರದು. ನಿಮ್ಮ ಊರಿನ ಮುಖ್ಯಾಧಿಕಾರಿಯನ್ನು ಈಗಲೇ ಕೇಳಿ: ನಮ್ಮ ಊರಿಗೆ ಮಹಾಯೋಜನೆ ಇದೆಯೇ, ಯಾವ ವರ್ಷದ್ದು, ಕನ್ನಡದಲ್ಲಿ ಇದೆಯೇ, ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಅದನ್ನು ತೂಗುಹಾಕುತ್ತೀರಾ? ಬಾಯಿಮಾತಿನ ಉತ್ತರ ಸಾಲದು, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಕ್ಷೆ ಕೈಗೆ ಬಂದಾಗ ಅದರಲ್ಲಿ ಕೆರೆ ಎಲ್ಲಿದೆ, ಹಳ್ಳದ ನೆರೆಗೆರೆ ಎಲ್ಲಿದೆ, ಹೊಸ ಮನೆಗಳಿಗೆ ನೀರು ಯಾವ ಪೈಪಿನಿಂದ ಬರುತ್ತದೆ ಎಂದು ಹುಡುಕಿ. ಅದು ಕಾಣದಿದ್ದರೆ ಆಕ್ಷೇಪಣೆ ಬರೆದು, ಸಹಿ ಮಾಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.